ಯಂತ್ರಲೋಕ: ಗಣಕಕ್ಕೆ ಬಂದ ಟಪಾಲನ್ನು ಗುಡಿಸುವ ಬಗೆ



ಪುಣೆ, ಹೈದರಾಬಾದು, ಚೆನ್ನೈಗಳಲ್ಲಿರುವ ನಮ್ಮ ಕನ್ನಡ ಮನೆಗಳಲ್ಲಿ ರಾತ್ರಿಪಾಳಿ ಎಂಬುದು ಈಗ ಗಿರಣಿಯವರ ಮಾತಾಗಿ ಮಾತ್ರ ಉಳಿದಿಲ್ಲ. ಮಗನೋ ಸೊಸೆಯೋ ರಾತ್ರಿಯ ಊಟ ಮುಗಿಸಿ, ದೂರದೇಶದ ಒಂದು ವಿಮಾ ಕಂಪನಿಯ ಅಥವಾ ಸಗಟು ವ್ಯಾಪಾರದ ಸಂಸ್ಥೆಯ ಗಣಕಯಂತ್ರವನ್ನು ಇಲ್ಲಿಂದಲೇ ನೋಡಿಕೊಳ್ಳಲು ಕೂರುತ್ತಾರೆ. ಬೆಳಗಿನ ಕಾಫಿಯ ಹೊತ್ತಿಗೆ ಮಾವನವರು, "ರಾತ್ರಿಯೆಲ್ಲ ಏನಮ್ಮಾ ಅಷ್ಟು ಕೆಲಸ?" ಎಂದು ಕೇಳಿದರೆ, "ಏನಿಲ್ಲ ಮಾವ, ಮೆಸೇಜುಗಳು ಗುಡ್ಡೆ ಬಿದ್ದಿದ್ದವು, ತೆಗೆದುಹಾಕಿದೆ" ಎಂದು ಉತ್ತರ ಬರುತ್ತದೆ. ಇಷ್ಟಕ್ಕೂ ಸಂಬಳವೇ ಎಂದು ಹಿರಿಯರು ಮನಸ್ಸಿನಲ್ಲೇ ನಕ್ಕರೆ ಆಶ್ಚರ್ಯವಿಲ್ಲ. ಆದರೆ ಆ ಗುಡಿಸುವ ಕೆಲಸದಲ್ಲಿ ಒಂದು ಕೀಲಿಯನ್ನು ಒತ್ತುವ ಬದಲು ಇನ್ನೊಂದನ್ನು ಒತ್ತಿದರೆ ಸಾವಿರ ಜನರ ಸಂಬಳ ನಿಂತುಹೋಗಬಹುದು. ಅದು ಹೇಗೆಂಬುದನ್ನು ಈ ಸಲ ವಿಚಾರಮಾಡೋಣ.

ಮೊದಲು ಯಂತ್ರದ ಪರಿಚಯ. ಗಣಕಗಳಲ್ಲಿ ಕೋಣೆ ತುಂಬುವ ದೊಡ್ಡವು ಇವೆ, ಮೇಜಿನ ಮೇಲೆ ಕೂರುವ ಚಿಕ್ಕವು ಇವೆ. ಇವೆರಡರ ನಡುವೆ, ಒಂದು ಸಾಧಾರಣ ಕಂಪನಿಯ ಲೆಕ್ಕಪತ್ರ, ದಾಸ್ತಾನು, ಸಂಬಳ ಎಲ್ಲವನ್ನೂ ಹೊರತಕ್ಕ ನಡುಗಾತ್ರದ ಯಂತ್ರಗಳ ಒಂದು ವರ್ಗವಿದೆ. ಆ ವರ್ಗದಲ್ಲಿ ಹೆಸರುವಾಸಿಯಾದದ್ದು ಐಬಿಎಂ ಕಂಪನಿಯ ಎಎಸ್/400. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ ರೂಪುಗೊಂಡ ಇದನ್ನು 1988ರ ಜೂನ್ 21ರಂದು ಲೋಕಕ್ಕೆ ತೋರಿಸಿದರು. 1978ರ ಸಿಸ್ಟಂ/38 ಮತ್ತು 1983ರ ಸಿಸ್ಟಂ/36 ಎಂಬ ಎರಡು ಯಂತ್ರಗಳ ಗುಣಗಳು ಇದರಲ್ಲಿ ಕೂಡಿಕೊಂಡವು. ಆಗ ಐಬಿಎಂ ನಮ್ಮ ದೇಶದಲ್ಲಿ ಇರಲಿಲ್ಲ. 1978ರಲ್ಲಿ ಬಿಟ್ಟುಹೋದ ಕಂಪನಿ ಟಾಟಾದವರೊಡನೆ ಕೂಡಿ ಮರಳಿ ಬಂದದ್ದು 1992ರಲ್ಲಿ.

2000ದಲ್ಲಿ ಈ ಯಂತ್ರಕ್ಕೆ ಐಸೀರೀಸ್ ಎಂದು ಹೆಸರಿಟ್ಟರು, 2006ರಲ್ಲಿ ಸಿಸ್ಟಂ ಐ ಎಂದರು. 2008ರಿಂದ ಪವರ್ ಯಂತ್ರಗಳ ಮೇಲೆ ಓಡುವ ಇದರ ಆಡಳಿತ ವ್ಯವಸ್ಥೆಗೆ ಐಬಿಎಂ ಐ ಎಂದು ಹೆಸರು. ಗಂಡನ ಮನೆಯಲ್ಲಿ ಸೊಸೆಗೆ ಬೇರೆ ಹೆಸರಿಟ್ಟರೂ ತವರಿನವರು ಹಳೆಯ ಹೆಸರಿನಿಂದಲೇ ಕೂಗುವಂತೆ, ಹಳಬರು ಇದನ್ನು ಇಂದಿಗೂ ಎಎಸ್ ಫೋರ್ ಹಂಡ್ರೆಡ್ ಎಂದೇ ಕರೆಯುತ್ತಾರೆ. ಮೂವತ್ತು ವರ್ಷಗಳ ಹಿಂದೆ ಬರೆದ ಪ್ರೋಗ್ರಾಮುಗಳು ಇದರಲ್ಲಿ ಇನ್ನೂ ದುಡಿಯುತ್ತಿವೆ. ಹೀಗೆ ವರ್ಷಗಟ್ಟಲೆ ಕೆಡದೆ ನಡೆಯುವ ಯಂತ್ರವಾದ್ದರಿಂದಲೇ ಇದರಲ್ಲಿ ಕಸವೂ ವರ್ಷಗಟ್ಟಲೆ ಸೇರುತ್ತದೆ.

ಯಂತ್ರಕ್ಕೆ ಟಪಾಲು ಎಲ್ಲಿಂದ ಬಂತು? ಇದರಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನಿಗೂ ಅವನ ಹೆಸರಿನಲ್ಲೇ ಒಂದು ಅಂಚೆಪೆಟ್ಟಿಗೆ ಇರುತ್ತದೆ. ಅದಕ್ಕೆ ಮೆಸೇಜ್ ಕ್ಯೂ ಎಂದು ಹೆಸರು. ಕ್ಯೂ ಎಂದರೇನೆಂದು ಮುಂಬಯಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಪ್ರತಿಯೊಂದು ಟರ್ಮಿನಲ್ಲಿಗೂ ಇಂಥದೊಂದು ಪೆಟ್ಟಿಗೆ ಉಂಟು. ಇಡೀ ಯಂತ್ರದ ಮೇಲ್ವಿಚಾರಣೆ ಮಾಡುವ ಆಪರೇಟರನಿಗೆ ಎಲ್ಲಕ್ಕಿಂತ ಮುಖ್ಯವಾದ ಪೆಟ್ಟಿಗೆ. ಪ್ರಿಂಟರಿನಲ್ಲಿ ಕಾಗದ ಮುಗಿದರೆ ಅಲ್ಲಿಗೆ ಓಲೆ ಬರುತ್ತದೆ. ಯಾರೋ ತಪ್ಪು ಗುಟ್ಟುಪದ ಹೊಡೆದು ಟರ್ಮಿನಲ್ ನಿಂತುಹೋದರೆ ಅಲ್ಲಿಗೆ ಓಲೆ. ಟೇಪು ಹಾಕಬೇಕಾದರೂ ಅಲ್ಲಿಗೇ.

ಇದಲ್ಲದೆ ಹಿಸ್ಟರಿ ಲಾಗ್ ಎಂಬ ದಿನಚರಿಯನ್ನು ಯಂತ್ರ ತಾನೇ ಬರೆದಿಡುತ್ತದೆ. ಕೆಲಸವೊಂದು ತಪ್ಪಾಗಿ ಮುಗಿದರೆ, ತಾನು ಏನೇನು ಮಾಡಿದೆನೆಂಬ ವರದಿಯನ್ನು ಜಾಬ್ ಲಾಗ್ ಎಂದು ಬಿಟ್ಟುಹೋಗುತ್ತದೆ. ಕೊನೆಯದಾಗಿ, ಮನುಷ್ಯರು ಮನುಷ್ಯರಿಗೆ ಬರೆದು ಯಂತ್ರದ ಮೂಲಕ ಕಳುಹಿಸಿದ ನಿಜವಾದ ಟಪಾಲು. ಇದು ಹೊರಗಿನ ಯಂತ್ರಗಳಿಗೂ ಹೋಗುತ್ತದೆ, ಹೊರಗಿನಿಂದಲೂ ಬರುತ್ತದೆ. ಹೋಗಬೇಕಾದ ಕಡೆ ಬಾಗಿಲು ಮುಚ್ಚಿದ್ದರೆ ದಾರಿಯಲ್ಲೇ ಕಾದಿರುತ್ತದೆ.

ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಒಂದೊಂದು ಓಲೆ ನಾಲ್ಕೈದು ಸಾಲಿನದು. ಆದರೆ ಮೆಸೇಜ್ ಕ್ಯೂ ಬೆಳೆಯುವುದಕ್ಕೂ ಒಂದು ಮಿತಿಯುಂಟು. ಮಿತಿ ಮುಟ್ಟಿದ ಪೆಟ್ಟಿಗೆಗೆ ಹೊಸ ಓಲೆ ಹಿಡಿಸದು. ಮಾಡಿಟ್ಟ ಏರ್ಪಾಡಿಗೆ ತಕ್ಕಂತೆ, ಒಂದೋ ಕಳುಹಿಸಿದವನಿಗೆ ಸ್ಥಳವಿಲ್ಲವೆಂಬ ದೂರು ಹೋಗುತ್ತದೆ, ಇಲ್ಲವೇ ಹಳೆಯವನ್ನು ತಳ್ಳಿ ಹೊಸದಕ್ಕೆ ಜಾಗ ಮಾಡಲಾಗುತ್ತದೆ.

ಜಾಬ್ ಲಾಗುಗಳ ಹಾವಳಿ ಇದಕ್ಕಿಂತ ಹೆಚ್ಚಿನದು. ಕೆಲಸ ಮುಗಿದು ವರ್ಷವಾಗಿದ್ದರೂ ಅದು ಬಿಟ್ಟ ಕಾಗದವನ್ನು ಯಾರೂ ಮುದ್ರಿಸದೆ, ತೆಗೆದೂ ಹಾಕದೆ ಇದ್ದರೆ, ಆ ಕೆಲಸದ ಹೆಸರು ಯಂತ್ರದ ಪಟ್ಟಿಯಲ್ಲಿ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಬಾಡಿಗೆಯ ಮನೆ ಬಿಟ್ಟುಹೋದವನು ಒಂದು ಟ್ರಂಕನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋದಂತೆ: ಆಸಾಮಿ ಇಲ್ಲ, ಮನೆಯೂ ಖಾಲಿಯಿಲ್ಲ. ಇಂಥ ಹೆಸರುಗಳಿಗೆ ಯಂತ್ರ ಮೊದಲಿಗೆ ಇಟ್ಟುಕೊಂಡಿರುವ ಮೇರೆ 1,63,520. ಇದನ್ನು ಏರಿಸಬಹುದು. ಆದರೆ ಏರಿಸದೆ ಇದ್ದು ಮೇರೆ ಮುಟ್ಟಿತೆಂದರೆ ಹೊಸ ಕೆಲಸ ಒಂದೂ ಹುಟ್ಟಲಾರದು.

ತಟ್ಟೆಗಳ ಮೇಲಿನ ಒಟ್ಟು ಸ್ಥಳದ ಮಾತೂ ಹೀಗೆಯೇ. ಸ್ಥಳದಲ್ಲಿ ಶೇಕಡಾ 90 ತುಂಬಿದಾಗ ಎಚ್ಚರಿಕೆ ಕೊಡುವಂತೆ ಯಂತ್ರವನ್ನು ಮೊದಲಿಂದಲೇ ಅಣಿಗೊಳಿಸಿರುತ್ತಾರೆ. ಆ ಎಚ್ಚರಿಕೆ ಎಲ್ಲಿಗೆ ಬರುತ್ತದೆ? ಆಪರೇಟರನ ಪೆಟ್ಟಿಗೆಗೇ. ಅಲ್ಲಿ ಆಗಲೇ ಹತ್ತು ಸಾವಿರ ಓಲೆ ಬಿದ್ದಿದ್ದರೆ ಇದೊಂದು ಯಾರ ಕಣ್ಣಿಗೆ ಬೀಳಬೇಕು? ಸ್ಥಳ ಪೂರ್ತಿ ತೀರಿದರೆ ಯಂತ್ರವೇ ನಿಲ್ಲುತ್ತದೆ. ಆಮೇಲೆ ಗುಡಿಸಲು ಹೊರಡುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಕಥೆ.

ಆದ್ದರಿಂದ ಗುಡಿಸಲೇಬೇಕು. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಅಪಾಯವಿರುವುದು ಗುಡಿಸುವ ರೀತಿಯಲ್ಲಿ.

ಪೆಟ್ಟಿಗೆಗೆ ಬರುವ ಓಲೆಗಳಲ್ಲಿ ಎರಡು ಜಾತಿ. "ಇಂಥ ಕೆಲಸ ಇಷ್ಟು ಗಂಟೆಗೆ ಮುಗಿಯಿತು" ಎಂದು ತಿಳಿಸಿ ಸುಮ್ಮನಾಗತಕ್ಕವು ಮೊದಲನೆಯ ಜಾತಿ. ಓದಿದ ಮೇಲೆ ಇವುಗಳ ಋಣ ತೀರಿತು. ಎರಡನೆಯ ಜಾತಿಯವು ಪ್ರಶ್ನೆ ಕೇಳುತ್ತವೆ. ಉತ್ತರ ಬರುವವರೆಗೆ ಅವನ್ನು ಕಳುಹಿಸಿದ ಪ್ರೋಗ್ರಾಮು ಇದ್ದಲ್ಲೇ ನಿಂತು ಕಾಯುತ್ತದೆ. ನಿಯಂತ್ರಣದ ಪ್ರೋಗ್ರಾಮೊಂದು ಎಡವಿತೆನ್ನಿ. ಅದು ಕೇಳುವ ಪ್ರಶ್ನೆಯ ಕೊನೆಯಲ್ಲಿ ಸಿ, ಡಿ, ಐ, ಆರ್ ಎಂಬ ನಾಲ್ಕು ಅಕ್ಷರಗಳಿರುತ್ತವೆ. ಸಿ ಎಂದರೆ ಕೆಲಸ ರದ್ದು. ಡಿ ಎಂದರೆ ತಪ್ಪಿನ ವಿವರ ಮುದ್ರಿಸಿ ರದ್ದು. ಐ ಎಂದರೆ ತಪ್ಪನ್ನು ಲಕ್ಷಿಸದೆ ಮುಂದೆ ನಡೆ. ಆರ್ ಎಂದರೆ ಇನ್ನೊಮ್ಮೆ ಪ್ರಯತ್ನಿಸು.

ಈಗ ಗುಟ್ಟಿನ ಮಾತು. ಪ್ರಶ್ನೆಗೆ ಉತ್ತರ ಕೊಡದೆ ಓಲೆಯನ್ನೇ ಯಾರಾದರೂ ತೆಗೆದುಹಾಕಿದರೆ ಯಂತ್ರ ಏನು ಮಾಡಬೇಕು? ಕೇಳಿದವನನ್ನು ಎಂದೆಂದಿಗೂ ಕಾಯಿಸುವಂತಿಲ್ಲ. ಅದಕ್ಕಾಗಿ ಇಂಥ ಪ್ರಶ್ನೆಗಳಿಗೆ ಮೊದಲೇ ಗೊತ್ತುಮಾಡಿದ ಒಂದು ಸಿದ್ಧ ಉತ್ತರ ಇರುತ್ತದೆ. ಓಲೆ ಹೋದ ಕೂಡಲೇ ಆ ಸಿದ್ಧ ಉತ್ತರ ಪ್ರೋಗ್ರಾಮಿಗೆ ತಲುಪುತ್ತದೆ. ಮೇಲೆ ಹೇಳಿದ ಪ್ರಶ್ನೆಗೆ ಸಿದ್ಧ ಉತ್ತರ ಸಿ, ಅಂದರೆ ರದ್ದು. ಓಲೆ ಹರಿದವನು ತಾನು ಉತ್ತರವನ್ನೇ ಕೊಡಲಿಲ್ಲವೆಂದು ತಿಳಿದಿರುತ್ತಾನೆ. ಆದರೆ ಅವನ ಹೆಸರಿನಲ್ಲಿ ಉತ್ತರ ಹೋಗಿ ಆಗಿರುತ್ತದೆ.

ತಿಂಗಳ ಕೊನೆಯ ರಾತ್ರಿ ಎನ್ನಿ. ಸಂಬಳದ ಲೆಕ್ಕ ಅರ್ಧ ನಡೆದಿದೆ. ಬೇಕಾದ ಒಂದು ಫೈಲನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ. ಪ್ರೋಗ್ರಾಮು ನಿಂತು ಪ್ರಶ್ನೆ ಕೇಳಿದೆ. ಫೈಲನ್ನು ಬಿಡಿಸಿ ಆರ್ ಎಂದು ಉತ್ತರ ಕೊಟ್ಟರೆ ಕೆಲಸ ಮುಂದುವರಿಯುತ್ತದೆ. ಅಷ್ಟರಲ್ಲಿ ಹೊಸದಾಗಿ ಪಾಳಿಗೆ ಬಂದ ಹುಡುಗನು, ಪೆಟ್ಟಿಗೆ ತುಂಬಿದೆಯಲ್ಲಾ ಎಂದು ಶುದ್ಧಮನಸ್ಸಿನಿಂದ ಎಲ್ಲವನ್ನೂ ಒಮ್ಮೆಗೇ ಅಳಿಸುತ್ತಾನೆ. ಸಂಬಳದ ಲೆಕ್ಕ ನಡುವೆಯೇ ರದ್ದಾಗುತ್ತದೆ. ಕೆಲವರ ಲೆಕ್ಕ ಬರೆದಾಗಿದೆ, ಕೆಲವರದು ಇಲ್ಲ. ಅವನಿಗೆ ಕಾಣುವುದು ಖಾಲಿಯಾದ ಚೊಕ್ಕ ಪರದೆ ಮಾತ್ರ. ಎಲ್ಲಿಯವರೆಗೆ ಬರೆದಾಯಿತೆಂದು ಹುಡುಕಿ, ಹಿಂದಿನ ಸ್ಥಿತಿಗೆ ತಂದು, ಮತ್ತೆ ಮೊದಲಿನಿಂದ ನಡೆಸುವ ಕಷ್ಟ ಬೆಳಗಿನವರದು. ಒಂದನೆಯ ತಾರೀಖಿಗೆ ಬಾಡಿಗೆ, ಶಾಲೆಯ ಫೀಸು, ಊರಿಗೆ ಕಳುಹಿಸುವ ಹಣ ಎಂದು ಎಣಿಸಿಕೊಂಡು ಕೂತ ಸಂಸಾರಗಳಿಗೆ ಇದರ ಬಿಸಿ ತಟ್ಟದೆ ಇರದು.

ಹಳಬರು ಬಳಸುವ ಮೆಸೇಜು ನೋಡುವ ಪರದೆಯಲ್ಲಿ ಈ ಎರಡು ದಾರಿಗಳು ಎರಡು ಕೀಲಿಗಳಾಗಿ ನಿಂತಿವೆ. ಎಫ್ 13 ಎಂದರೆ ಎಲ್ಲವನ್ನೂ ತೆಗೆ. ಎಫ್ 16 ಎಂದರೆ ಉತ್ತರ ಕಾದಿರುವವನ್ನು ಬಿಟ್ಟು ಉಳಿದವನ್ನು ತೆಗೆ. ಇಂದಿನ ಕೀಲಿಮಣೆಯಲ್ಲಿ ಹನ್ನೆರಡಕ್ಕಿಂತ ಹೆಚ್ಚು ಎಫ್ ಕೀಲಿಗಳಿಲ್ಲವಾದ್ದರಿಂದ, ಶಿಫ್ಟಿನೊಡನೆ ಎಫ್ 1 ಒತ್ತಿದರೆ 13, ಶಿಫ್ಟಿನೊಡನೆ ಎಫ್ 4 ಒತ್ತಿದರೆ 16. ನಡುವೆ ಮೂರು ಬೆರಳಿನ ಅಂತರ, ಅಷ್ಟೆ. ಹೊಸಬರಿಗೆಂದು ಇನ್ನೊಂದು ಸರಳ ಪರದೆಯೂ ಉಂಟು. ಅದರಲ್ಲಿ ಉತ್ತರ ಬೇಕಾದವು ಮೇಲೆ, ಬೇಡವಾದವು ಕೆಳಗೆ ಎಂದು ಓಲೆಗಳನ್ನು ಬೇರ್ಪಡಿಸಿಯೇ ತೋರಿಸುತ್ತದೆ. ಕಲಿಯುವವರು ಕೆಲವು ತಿಂಗಳು ಇದನ್ನೇ ಬಳಸುವುದು ಕ್ಷೇಮ.

ಆಜ್ಞೆ ಬರೆದು ಅಳಿಸುವವರಿಗೂ ಇದೇ ಎಚ್ಚರಿಕೆ. ಈ ಯಂತ್ರದ ಆಜ್ಞೆಗಳು ಇಂಗ್ಲಿಷ್ ಪದಗಳಿಂದ ಸ್ವರಗಳನ್ನು ಬಹುಮಟ್ಟಿಗೆ ಕಿತ್ತು, ವ್ಯಂಜನಗಳನ್ನು ಜೋಡಿಸಿದಂಥವು. ಪೆಟ್ಟಿಗೆ ಖಾಲಿಮಾಡುವ ಆಜ್ಞೆ ಸಿಎಲ್ಆರ್-ಎಂಎಸ್‌ಜಿ-ಕ್ಯೂ. ಉತ್ತರ ಕೊಡದವನ್ನು ಉಳಿಸು ಎಂದು ಇದಕ್ಕೆ ಬಿಡಿಸಿ ಹೇಳಬೇಕು. ಏನನ್ನೂ ಹೇಳದೆ ಬಿಟ್ಟರೆ, ಎಲ್ಲವನ್ನೂ ಅಳಿಸಬೇಕೆಂದೇ ಅದು ತಿಳಿಯುತ್ತದೆ.

ನಮ್ಮ ಹಿಂದಿನ ಮನೆಗಳಲ್ಲಿ ಪಡಸಾಲೆಯ ಗೋಡೆಗೆ ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ತಂತಿಯೊಂದು ತೂಗಾಡುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಬಂದ ಕಾಗದವನ್ನು ಮನೆಯ ಯಜಮಾನರು ಓದಿ, ಉತ್ತರ ಬರೆದು ಅಂಚೆಗೆ ಹಾಕಿದ ಮೇಲೆಯೇ ಅದನ್ನು ತಂತಿಗೆ ಚುಚ್ಚುವರು. ಉತ್ತರ ಬರೆಯದ ಕಾಗದ ಮೇಜಿನ ಮೇಲೋ, ಪಂಚಾಂಗದ ನಡುವೆಯೋ ಇರುವುದು. ತಂತಿ ತುಂಬಿದಾಗ ಕೆಳಗಿನವನ್ನು ತೆಗೆದು ಒಲೆಗೆ ಹಾಕಿದರೂ ಯಾರಿಗೂ ನಷ್ಟವಿಲ್ಲ. ಗಣಕದ ಟಪಾಲಿಗೂ ಇದಕ್ಕಿಂತ ಬೇರೆಯ ಶಾಸ್ತ್ರ ಬೇಕಾಗಿಲ್ಲ. ಜಳ್ಳು ತೂರುವಾಗ ಕಾಳು ಹಾರದಂತೆ ನೋಡಿಕೊಳ್ಳಬೇಕು, ಅಷ್ಟೆ.

ಹಾಗಾದರೆ ಕ್ರಮ ಹೇಗಿರಬೇಕು? ಮೊದಲು ನೋಡುವುದು, ಆಮೇಲೆ ಮುಟ್ಟುವುದು. ಸ್ಥಳ ಶೇಕಡಾ ಎಷ್ಟು ತುಂಬಿದೆ, ಯಾವ ಪೆಟ್ಟಿಗೆ ಉಬ್ಬಿದೆ, ಯಾವ ಕೆಲಸ ದಿನವೂ ಒಂದೇ ಓಲೆಯನ್ನು ನೂರು ಸಲ ಹಾಕುತ್ತಿದೆ ಎಂದು ಗುರುತುಮಾಡಿಕೊಳ್ಳಬೇಕು. ನೂರು ಸಲ ಬರುವ ದೂರಿನ ಕಾರಣವನ್ನು ಸರಿಪಡಿಸಿದರೆ ಅರ್ಧ ಗುಡಿಸುವ ಕೆಲಸ ತಾನಾಗಿ ತಪ್ಪುತ್ತದೆ. ಎರಡನೆಯದು, ಉತ್ತರ ಕಾದಿರುವ ಪ್ರಶ್ನೆಗಳಿಗೆ ಉತ್ತರ ಕೊಡುವುದು. ತಿಳಿಯದಿದ್ದರೆ ಬಲ್ಲವರನ್ನು ಎಬ್ಬಿಸಿ ಕೇಳುವುದು. ಮೂರನೆಯದು, ಲೆಕ್ಕತಪಾಸಣೆಯವರು ಕೇಳಬಹುದಾದವನ್ನು ಮುದ್ರಿಸಿ ಅಥವಾ ಟೇಪಿಗೆ ತೆಗೆದಿಡುವುದು. ದಿನಚರಿಯ ಹಳೆಯ ಕಂತುಗಳನ್ನು ಹೀಗೆ ಉಳಿಸಿಕೊಂಡು ಅಳಿಸಬಹುದು. ಈಗ ಬರೆಯುತ್ತಿರುವ ಕಂತಿಗೆ ಕೈಹಾಕಬಾರದು. ಇಷ್ಟಾದ ಮೇಲೆ ಎಫ್ 16.

ಪ್ರತಿಸಲವೂ ಒಂದೇ ಉತ್ತರ ಕೊಡುವ ಪ್ರಶ್ನೆಗಳಿದ್ದರೆ, ಅವುಗಳ ಉತ್ತರವನ್ನು ಯಂತ್ರದ ಉತ್ತರಪಟ್ಟಿಯಲ್ಲಿ ಬರೆದಿಡಬಹುದು. ಆ ಪಟ್ಟಿಯನ್ನು ಬಳಸೆಂದು ಹೇಳಿದ ಕೆಲಸಗಳಿಗೆ ಯಂತ್ರ ತಾನೇ ಉತ್ತರ ಕೊಡುತ್ತದೆ. ಆದರೆ ಈ ಪಟ್ಟಿಗೆ ಏನನ್ನು ಸೇರಿಸಬೇಕೆಂದು ಯೋಚಿಸಿ ಸೇರಿಸಬೇಕು. ಹಣದ ಲೆಕ್ಕದ ಪ್ರಶ್ನೆಗಳನ್ನು ಮನುಷ್ಯರಿಗೇ ಬಿಡುವುದು ಒಳ್ಳೆಯದು.

ಮನುಷ್ಯರ ಟಪಾಲಿನ ವಿಷಯದಲ್ಲಿ ಇನ್ನೂ ಒಂದು ಕೈ ಹೆಚ್ಚಿನ ಜೋಪಾನ ಬೇಕು. ಟಪಾಲು ಸಾಗಿಸಲು ಈ ಯಂತ್ರದಲ್ಲಿ ಮೇಲ್ ಸರ್ವರ್ ಫ್ರೇಮ್‌ವರ್ಕ್ ಎಂಬ ಏರ್ಪಾಡು ಇದೆ. ತಲುಪದ ಓಲೆಗಳು ಕಟ್ಟಿಕೊಂಡು ಅದು ಏದುಸಿರು ಬಿಡುವಾಗ, ಅದನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು ವಾಡಿಕೆ. ಆರಂಭಿಸುವಾಗ ರಿಸ್ಯೂಮ್ ಎಂದರೆ ಬಿಟ್ಟಲ್ಲಿಂದ ಮುಂದುವರಿಸು. ಕ್ಲಿಯರ್ ಎಂದರೆ ಕೈಯಲ್ಲಿರುವ ಓಲೆಗಳನ್ನೆಲ್ಲ ಬಿಸಾಡಿ ಹೊಸದಾಗಿ ಆರಂಭಿಸು. ಎರಡನೆಯದು ಶೀಘ್ರೋಪಾಯವೇನೋ ಹೌದು. ಆದರೆ ಅಂಚೆಯವನು ಚೀಲ ಭಾರವಾಯಿತೆಂದು ಅದನ್ನು ಬಾವಿಗೆ ಬಗ್ಗಿಸಿದರೆ ಒಪ್ಪುತ್ತೇವೆಯೇ? ವಿಳಾಸದಾರ ಸಿಗದ ಕಾಗದವನ್ನು ನಮ್ಮ ಅಂಚೆ ಇಲಾಖೆ ಬರೆದವನಿಗೆ ಮರಳಿಸಲು ನೋಡುತ್ತದೆ. ಅದಕ್ಕಾಗಿಯೇ ಪ್ರತ್ಯೇಕ ಕಚೇರಿಗಳನ್ನು ಇಟ್ಟಿತು. ಗಣಕದಲ್ಲಿಯೂ ಓಲೆ ಏಕೆ ನಿಂತಿತು, ಎದುರಿನ ಬಾಗಿಲು ಮುಚ್ಚಿದೆಯೇ, ವಿಳಾಸ ತಪ್ಪೇ ಎಂದು ಮೊದಲು ನೋಡತಕ್ಕದ್ದು. ಕ್ಲಿಯರ್ ಮಾಡಲೇಬೇಕಾದರೆ, ಕಳುಹಿಸಿದವರಿಗೆ ಮತ್ತೆ ಕಳುಹಿಸಿರೆಂದು ತಿಳಿಸತಕ್ಕದ್ದು.

ಕೆಲಸ ಬಿಟ್ಟುಹೋದವರ ಪೆಟ್ಟಿಗೆಗಳನ್ನು ಮರೆಯುವುದೂ ಸಾಮಾನ್ಯ. ಆಸಾಮಿ ಮೂರು ವರ್ಷದ ಹಿಂದೆ ಹೋಗಿರುತ್ತಾನೆ. ಅವನ ಹೆಸರಿಗೆ ವರದಿಗಳೂ ಓಲೆಗಳೂ ದಿನವೂ ಬರುತ್ತಲೇ ಇರುತ್ತವೆ. ಇವನ್ನು ಅಳಿಸುವ ಮೊದಲು, ಅವನಿಗೆ ಬರುತ್ತಿದ್ದುದು ಈಗ ಯಾರಿಗೆ ಹೋಗಬೇಕೆಂದು ಗೊತ್ತುಮಾಡಬೇಕು. ಇಲ್ಲವಾದರೆ ಎಚ್ಚರಿಕೆಯ ಓಲೆಗಳು ಇಲ್ಲದ ಮನೆಯ ಬಾಗಿಲು ತಟ್ಟುತ್ತಿರುತ್ತವೆ.

ದಿನವೂ ಕೈಯಿಂದಲೇ ಗುಡಿಸಬೇಕೆಂದಿಲ್ಲ. ತಾನಾಗಿ ಶುಚಿಮಾಡಿಕೊಳ್ಳುವ ಏರ್ಪಾಡು ಯಂತ್ರದಲ್ಲೇ ಇದೆ. ಕ್ಲೀನಪ್ ಎಂಬ ಪಟ್ಟಿಯನ್ನು ತೆರೆದು ಅಪ್ಪಣೆ ಕೊಟ್ಟರೆ ದಿನವೂ ರಾತ್ರಿ 10 ಗಂಟೆಗೆ ಅದು ಆರಂಭವಾಗುತ್ತದೆ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ ಹತ್ತು ನಮಗೆ ಮರುದಿನ ಬೆಳಗಿನ ಏಳೂವರೆಯೋ ಎಂಟೂವರೆಯೋ ಆಗುವುದರಿಂದ, ಪಾಳಿ ಮುಗಿಸಿ ಏಳುವ ಮೊದಲು ಪ್ರಶ್ನೆಗಳನ್ನು ಒಮ್ಮೆ ನೋಡಿಬಿಡುವುದು ಲೇಸು. ಯಂತ್ರದೊಡನೆ ಬರುವ ಅಳತೆಗಳು ಹೀಗಿವೆ: ಬಳಕೆದಾರರ ಓಲೆಗಳಿಗೆ 7 ದಿನ, ಆಪರೇಟರನ ಮತ್ತು ಟರ್ಮಿನಲ್ಲುಗಳ ಓಲೆಗಳಿಗೆ 4 ದಿನ, ಜಾಬ್ ಲಾಗುಗಳಿಗೆ 7 ದಿನ, ಯಂತ್ರದ ದಿನಚರಿಗಳಿಗೆ 30 ದಿನ. ಇವನ್ನು ಅವರವರ ಅನುಕೂಲಕ್ಕೆ ಬದಲಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಲೆಕ್ಕ ಮುಗಿಸುವ ಕಂಪನಿಗೆ ಜಾಬ್ ಲಾಗು ಒಂದೇ ವಾರ ಉಳಿದರೆ ಸಾಲದು. ತಪ್ಪು ಹೊರಬೀಳುವ ಹೊತ್ತಿಗೆ ಸಾಕ್ಷಿ ಇಲ್ಲವಾಗಿರುತ್ತದೆ.

ಈ ಏರ್ಪಾಡು ಯಂತ್ರದ ಕಸವನ್ನು ಗುಡಿಸುತ್ತದೆಯೇ ಹೊರತು, ಜನರು ತಾವಾಗಿ ತೆಗೆಸಿದ ವರದಿಗಳನ್ನು ಮುಟ್ಟುವುದಿಲ್ಲ. ಅವಕ್ಕೆ ಮೊದಲೇ ಕೊನೆಯ ತಾರೀಖನ್ನು ಬರೆದಿಡುವ ಅನುಕೂಲ ಬೇರೆ ಇದೆ. ಅದಕ್ಕಿಂತ ಮುಖ್ಯವಾಗಿ, ಓಲೆ ಎಷ್ಟು ಹಳೆಯದೆಂದು ಯಂತ್ರ ಬಲ್ಲುದು. ಅದು ಯಾರಿಗೆ ಎಷ್ಟು ಅಗತ್ಯವೆಂದು ಅರಿಯದು. ಆ ತೂಕ ಮಾಡುವುದಕ್ಕೇ ಸೊಸೆಗೆ ಸಂಬಳ ಕೊಡುತ್ತಾರೆಂದು ಮಾವನವರಿಗೆ ಈಗ ಸಮಾಧಾನವಾಗಬಹುದು.

ಗಣಕದ ಗೋಜಿಲ್ಲದ ವಾಚಕರಿಗೂ ಇದರಲ್ಲಿ ಒಂದು ಪ್ರಯೋಜನವುಂಟು. ಕೈಫೋನಿನಲ್ಲಿ ಜಾಗವಿಲ್ಲವೆಂದು ಎಲ್ಲರೂ ಭಾನುವಾರ ಕೂತು ಸಂದೇಶಗಳನ್ನು ಅಳಿಸುತ್ತೇವೆ. ಮುಂಜಾನೆಯ ಹೂವಿನ ಚಿತ್ರಗಳು ಹೋಗಲಿ. ಆದರೆ ಅವುಗಳ ನಡುವೆ, "ಈ ಸಲ ಹಬ್ಬಕ್ಕೆ ಬರುತ್ತೀಯಾ?" ಎಂದು ಧಾರವಾಡದಿಂದಲೋ ಶಿವಮೊಗ್ಗದಿಂದಲೋ ತಾಯಿ ಕೇಳಿದ ಪ್ರಶ್ನೆಯಿರಬಹುದು. ಅದನ್ನು ಅಳಿಸಿದರೂ ಒಂದು ಉತ್ತರ ತಾನಾಗಿ ಹೋಗುತ್ತದೆ; ಅದು ಏನೆಂದು ಅವರು ಊಹಿಸಿಕೊಳ್ಳುತ್ತಾರೆ. ಮೊದಲು ಉತ್ತರ ಬರೆಯಿರಿ, ಆಮೇಲೆ ಧಾರಾಳವಾಗಿ ಗುಡಿಸಿರಿ.

ಗುಡಿಸುವ ಮೊದಲು ಟೇಪಿಗೆ ತೆಗೆದಿಡಬೇಕೆಂದು ಮೇಲೆ ಹೇಳಿದೆವಷ್ಟೆ. ಹಾಗೆ ತೆಗೆದಿಟ್ಟದ್ದು ಬೇಕಾದಾಗ ನಿಜವಾಗಿ ಮರಳಿ ಬರುವುದೇ ಎಂದು ಪರೀಕ್ಷಿಸುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.